ತೆಗೆದಿಟ್ಟ ರೊಕ್ಕ ಮತ್ತು ಒಂದು ಸುಳ್ಳು

2020ರ ಏಪ್ರಿಲ್ ತಿಂಗಳ ನಡುವೆ ಒಂದು ಸಂಜೆ ನಾನು ಒಂದು ಸುಳ್ಳು ಹೇಳಿದೆ. ದೊಡ್ಡ ಸುಳ್ಳೇನಲ್ಲ. ದಿನವೂ ಎಷ್ಟೋ ಮನೆಗಳ ಹೊಸ್ತಿಲ ಮೇಲೆ ಹೇಳುವ, ಯಾರೂ ಲೆಕ್ಕಕ್ಕೆ ಹಿಡಿಯದ ಸುಳ್ಳು. ಆದರೂ ಅದು ಇಷ್ಟು ವರ್ಷ ನನ್ನನ್ನು ಬಿಟ್ಟಿಲ್ಲ.

ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಬೀಗ ಬಿದ್ದು ಮೂರು ವಾರ ಕಳೆದಿತ್ತು. ಧಾರವಾಡದ ನಮ್ಮ ಓಣಿಯಲ್ಲಿ ಮದುವೆ ಮನೆಗಳಿಗೆ ಅಡುಗೆ ಮಾಡಿ ಬದುಕುವ ಹಿರಿಯರೊಬ್ಬರಿದ್ದಾರೆ. ಓಣಿಯವರೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ರಂಝಾನ್ ತಿಂಗಳಿಗೆ ಮೊದಲು ನಡೆಯಬೇಕಿದ್ದ ಮದುವೆಗಳೆಲ್ಲ ಆ ವರ್ಷ ನಿಂತುಹೋಗಿದ್ದವು. ಬೇಸಿಗೆಯ ಆ ದುಡಿಮೆಯೇ ಅವರಿಗೆ ವರ್ಷದ ಆಧಾರ. ಅಂದು ಸಂಜೆ ಅವರು ಮುಖಕ್ಕೆ ವಸ್ತ್ರ ಕಟ್ಟಿಕೊಂಡು ನಮ್ಮ ಮನೆಯ ಮೆಟ್ಟಿಲ ಕೆಳಗೆ ನಿಂತು ಕೇಳಿದರು: "ಮಾಸ್ತರ್ರ, ಮೂರು ಸಾವಿರ ಇದ್ರ ಕೊಡ್ರಿ. ಮದವಿ ಚಾಲೂ ಆದ ಕೂಡ್ಲೆ ಮುಟ್ಟಸ್ತೀನಿ."

"ಮನ್ಯಾಗ ರೊಕ್ಕ ಇಲ್ಲ ಚಾಚಾ. ಇದ್ದದ್ದೆಲ್ಲಾ ಬ್ಯಾಂಕಿನ್ಯಾಗ ಐತಿ. ಎಟಿಎಂನ್ಯಾಗೂ ಬರವಲ್ದು" ಎಂದೆ.

"ಇರ್ಲಿ ಬಿಡ್ರಿ" ಎಂದು ಅವರು ಹೋದರು. ಒಳಗೆ ಕಪಾಟಿನ ಮೇಲಿನ ಖಾನೆಯಲ್ಲಿ, ಹಳೆಯ ಶಾಲಿನ ಮಡಿಕೆಯೊಳಗೆ 22,000 ರೂಪಾಯಿ ಇತ್ತು. ಲಾಕ್‌ಡೌನ್ ಘೋಷಣೆಯಾದ ಮರುದಿನವೇ ನಾನು ಸಾಲಿನಲ್ಲಿ ನಿಂತು ತೆಗೆದು ತಂದದ್ದು. ತುರ್ತಿಗೆ ಇರಲಿ ಎಂದು. ತಿಂಗಳಿಗೆ ತಪ್ಪದೆ ಸಂಬಳ ಬರುವ ಮಾಸ್ತರನ ತುರ್ತಿಗೆ.

ಮನೆಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಬೇಕೆ, ಬೇಡವೆ, ಇಟ್ಟರೆ ಎಷ್ಟು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಜಾಣತನದ ಪ್ರಶ್ನೆ ಎಂದುಕೊಳ್ಳುತ್ತೇವೆ. ಬಡ್ಡಿ ತಪ್ಪುತ್ತದೆ, ಕಳ್ಳರ ಭಯ, ಇಲಿಯ ಕಾಟ, ಬೆಲೆ ಏರಿದಂತೆ ನೋಟಿನ ಬೆಲೆ ಇಳಿಯುತ್ತದೆ ಎಂದೆಲ್ಲ ಲೆಕ್ಕ ಹಾಕುತ್ತೇವೆ. ಆ ಲೆಕ್ಕವೆಲ್ಲ ಸರಿಯೇ. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ತೆಗೆದಿಟ್ಟ ಹಣ ಯಾರ ಕಷ್ಟಕ್ಕೆ ಬಾಗಿಲು ತೆರೆಯಬೇಕು? ತೆರೆಯದಿದ್ದಾಗ ನಮ್ಮ ಬಾಯಿ ಏನು ಹೇಳಬೇಕು? ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ನಮ್ಮ ಅಮ್ಮ. ಪಾಠ ಅರ್ಥವಾಗುವ ಹೊತ್ತಿಗೆ ನನಗೆ ನಲವತ್ತು ದಾಟುತ್ತಿತ್ತು.

ನಮ್ಮದು ಕಲಘಟಗಿ ತಾಲೂಕಿನ ದುಮ್ಮವಾಡ. ಹುಬ್ಬಳ್ಳಿಯ ಜನ ವರ್ಷಗಟ್ಟಲೆ ಯಾವ ಕೆರೆಯ ನೀರು ಕುಡಿದರೋ ಆ ನೀರಸಾಗರ ನಮ್ಮೂರಿನ ಹತ್ತಿರದಲ್ಲೇ ಇದೆ. ಅಬ್ಬಾನಿಗೆ ಸ್ವಲ್ಪ ಹೊಲವಿತ್ತು. ಗೋವಿನಜೋಳ, ಹತ್ತಿ ಬೆಳೆಯುತ್ತಿದ್ದರು, ಉಳಿದ ದಿನ ಬೇರೆಯವರ ಹೊಲಕ್ಕೆ ಹೋಗುತ್ತಿದ್ದರು. ಅಮ್ಮ ಎರಡು ಎಮ್ಮೆ ಕಟ್ಟಿದ್ದಳು. ಮನೆಯಲ್ಲಿ ನಮ್ಮ ಮಾತು ದಖನಿ, ಓಣಿಯಲ್ಲಿ ಕನ್ನಡ. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಡುಗೆಮನೆಯ ಮೂಲೆಯಲ್ಲಿದ್ದ ಜೋಳದ ಡ್ರಮ್ಮಿನ ತಳದಲ್ಲಿ ಅಮ್ಮನ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಹಾಲು, ತತ್ತಿ ಮಾರಿದ ದುಡ್ಡಿನಲ್ಲಿ ಉಳಿದದ್ದು ಅದರೊಳಗೆ ಹೋಗುತ್ತಿತ್ತು. ಡಬ್ಬಿ ಇದೆ ಎಂದು ಅಬ್ಬಾನಿಗೂ ಗೊತ್ತಿತ್ತು. ಎಷ್ಟಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

1994ರಲ್ಲಿ ನಮ್ಮ ಸಾಲೆಯಿಂದ ವಿಜಾಪುರಕ್ಕೆ ಪ್ರವಾಸ ಹೊರಟರು. ಗೋಳಗುಮ್ಮಟದೊಳಗೆ ಪಿಸುಗುಟ್ಟಿದರೆ ಆಚೆ ಬದಿಗೆ ಕೇಳಿಸುತ್ತದೆ ಎಂದು ಗುರುಗಳು ಹೇಳಿದ್ದರಿಂದ ನನಗೆ ನಿದ್ದೆಯೇ ಹತ್ತಿರಲಿಲ್ಲ. ಅರವತ್ತು ರೂಪಾಯಿ ಕಟ್ಟಬೇಕಿತ್ತು. ಅಬ್ಬಾ ಕೈ ಆಡಿಸಿಬಿಟ್ಟರು. ನಾನು ಅಮ್ಮನ ಹಿಂದೆ ಬಿದ್ದೆ. "ಡಬ್ಬ್ಯಾಗ ಐತೆಲ್ಲ ಅಮ್ಮಾ?"

"ಐತಿ. ಆದರ ತಗ್ಯೂದಿಲ್ಲ" ಎಂದಳು ಅಮ್ಮ.

ಅತ್ತೆ, ಊಟ ಬಿಟ್ಟೆ, ಎರಡು ದಿನ ಮಾತು ಬಿಟ್ಟೆ. ಅಮ್ಮನ ಉತ್ತರ ಬದಲಾಗಲಿಲ್ಲ. ರೊಕ್ಕ ಇಲ್ಲ ಎಂದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಇದ್ದೂ ಕೊಡುವುದಿಲ್ಲ ಎಂದದ್ದೇ ನನ್ನ ಸಂಕಟ.

ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ಪಕ್ಕದ ಮನೆಯ ಹುಡುಗನಿಗೆ ಹಾವು ಕಡಿಯಿತು. ನನಗಿಂತ ಎರಡು ವರ್ಷ ಸಣ್ಣವ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಬರುವ ವ್ಯವಸ್ಥೆ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಆಗ ಊರಿನಲ್ಲಿದ್ದದ್ದು ಬಾಡಿಗೆ ಜೀಪು. ಹುಡುಗನ ತಾಯಿ ನಮ್ಮ ಬಾಗಿಲಿಗೆ ಬಂದು, "ತಂಗೀ, ಜೀಪಿನಾಂವ ಡೀಸೆಲ್ಲಿಗೆ ರೊಕ್ಕ ಕೇಳಾಕತ್ತಾನ. ಹುಬ್ಬಳ್ಳಿಗೆ ಒಯ್ಯಬೇಕು" ಎಂದರು. ಅಮ್ಮ ಏನೂ ಕೇಳಲಿಲ್ಲ. ಜೋಳದೊಳಗೆ ಮೊಳಕೈವರೆಗೆ ಕೈ ಹಾಕಿ ಡಬ್ಬಿ ತೆಗೆದಳು. ಕಂದೀಲಿನ ಬೆಳಕಿನಲ್ಲಿ ಎಣಿಸಿ 700 ರೂಪಾಯಿ ಅವರ ಸೆರಗಿಗೆ ಹಾಕಿದಳು. ಡಬ್ಬಿಯಲ್ಲಿ ಉಳಿದದ್ದು ಒಂದಿಷ್ಟು ಚಿಲ್ಲರೆ. ಹುಡುಗ ಉಳಿದ. ಆ ರೊಕ್ಕ ಸುಗ್ಗಿಯ ನಂತರ ಒಂದಿಷ್ಟು ನಗದಾಗಿ, ಒಂದಿಷ್ಟು ಜೋಳವಾಗಿ, ವರ್ಷದ ಮೇಲೆ ತೀರಿತು.

ನಾನು ಆಗ ಒಳ್ಳೆಯ ಹುಡುಗನಾಗಿರಲಿಲ್ಲ. "ನನಗ ಅರವತ್ತು ಕೊಡ್ಲಿಲ್ಲ, ಅವರಿಗೆ ಏಳುನೂರು ಕೊಟ್ಟಿ" ಎಂದು ಅಮ್ಮನಿಗೆ ಹೇಳಿಬಿಟ್ಟೆ. ಅಮ್ಮ ಸಿಟ್ಟು ಮಾಡಲಿಲ್ಲ. "ನಿನಗ ಹಾವು ಕಡದಿದ್ರ ನಿನಗೂ ಕೊಡ್ತಿದ್ದೆ" ಎಂದಳು.

ಅಮ್ಮನ ಈ ಮಾತಿನಲ್ಲಿ ಒಂದು ವಿವೇಕವಿದೆ. ಆಕೆ ನನ್ನವರು, ಪರರು ಎಂದು ಭಾಗ ಮಾಡಲಿಲ್ಲ. ಆಸೆ, ಅವಸರ ಎಂದು ಭಾಗ ಮಾಡಿದಳು. ನಮ್ಮಲ್ಲಿ ಹೆಚ್ಚಿನವರ ವಿಭಜನೆ ಇದಕ್ಕೆ ತಲೆಕೆಳಗು. ನಮ್ಮ ಮಕ್ಕಳ ಆಸೆಯೂ ನಮಗೆ ಅವಸರವಾಗಿ ಕಾಣುತ್ತದೆ. ಪಕ್ಕದ ಮನೆಯ ಅವಸರವೂ ಅವರ ಹಣೆಬರಹವಾಗಿ ಕಾಣುತ್ತದೆ.

ಅಮ್ಮನ ಡಬ್ಬಿ ಪೂರ್ತಿ ಬಯಲಿಗೆ ಬಂದದ್ದು 2016ರ ನವೆಂಬರ್ 8ರ ನಂತರ. ಅಂದು ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ನಡುರಾತ್ರಿಯಿಂದ 500 ಮತ್ತು 1000ದ ನೋಟು ನಡೆಯುವುದಿಲ್ಲ ಎಂದರು. 1978ರ ಜನವರಿಯಲ್ಲೂ ಸರ್ಕಾರ 1000, 5000, 10,000ದ ನೋಟುಗಳನ್ನು ರದ್ದು ಮಾಡಿತ್ತು. ಆದರೆ ಆಗ ನಮ್ಮಂಥ ಊರುಗಳ ಬಡವರು ಸಾವಿರದ ನೋಟು ಕಂಡವರಲ್ಲ. ಅವರಿಗೆ ಅದು ಪೇಟೆಯ ಸುದ್ದಿ. 2016ರ ಹೊತ್ತಿಗೆ 500ರ ನೋಟು ಹಾಲು ಮಾರುವವಳ ಕೈಗೂ ಬಂದಿತ್ತು. ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಶೇಕಡಾ 86ರಷ್ಟು ಈ ಎರಡು ನೋಟುಗಳಲ್ಲೇ ಇತ್ತು.

ಅಮ್ಮ ಜೋಳವನ್ನೆಲ್ಲ ಚಾಪೆಯ ಮೇಲೆ ಸುರುವಿ ಡಬ್ಬಿ ತೆರೆದಳು. 500ರ ಇಪ್ಪತ್ಮೂರು ನೋಟು. ಒಟ್ಟು 11,500 ರೂಪಾಯಿ. ಅಬ್ಬಾ ಆ ನೋಟುಗಳನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು: "ನನ್ನ ಮ್ಯಾಲ ನಂಬಿಕಿ ಇರ್ಲಿಲ್ಲೇನು?"

"ನಿಮ್ಮ ಮ್ಯಾಲ ಇತ್ತು. ನಿಮ್ಮ ಕೈ ಮ್ಯಾಲ ಇರ್ಲಿಲ್ಲ" ಎಂದಳು ಅಮ್ಮ.

ಅಬ್ಬಾ ಕೆಟ್ಟವರಲ್ಲ. ಕೇಳಿದವರಿಗೆ ಇಲ್ಲ ಎನ್ನಲು ಬಾರದವರು. ಯಾರದೋ ಸಾಲಕ್ಕೆ ಜಾಮೀನು ನಿಂತು ಒಂದು ಜೊತೆ ಎತ್ತು ಕಳೆದುಕೊಂಡಿದ್ದರು. ಅವರ ಉದಾರತೆಯ ಬಾಕಿಯನ್ನು ಮನೆಯ ಒಲೆ ತೀರಿಸುತ್ತಿತ್ತು. ಹಾಗಾಗಿ ಅಮ್ಮ ಲೆಕ್ಕ ಹೇಳಿರಲಿಲ್ಲ. ಮರುದಿನದಿಂದ ಬ್ಯಾಂಕಿನ ಮುಂದೆ ಸಾಲು. ನಾನು ರಜೆ ಹಾಕಿ ಊರಿಗೆ ಹೋಗಿ ಅಮ್ಮನ ಜೊತೆ ನಿಂತೆ. ಆ ಸಾಲಿನಲ್ಲಿದ್ದ ಹೆಣ್ಣುಮಕ್ಕಳ ಕೈಯಲ್ಲಿ ಸೆರಗಿನ ಗಂಟು, ಕುಂಕುಮದ ಭರಣಿ, ಪ್ಲಾಸ್ಟಿಕ್ ಚೀಲ. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಜಮಾ ಮಾಡಿದರೆ ವಿಚಾರಿಸುವುದಿಲ್ಲ ಎಂದು ಸರ್ಕಾರ ಆಮೇಲೆ ಹೇಳಿತು. ಆದರೆ ಆದಾಯ ತೆರಿಗೆಯ ವಿಚಾರಣೆ ಆ ಹೆಣ್ಣುಮಕ್ಕಳ ಭಯವಾಗಿರಲಿಲ್ಲ. ಮನೆಯ ವಿಚಾರಣೆ ಅವರ ಭಯವಾಗಿತ್ತು.

ರದ್ದಾದ ನೋಟುಗಳಲ್ಲಿ ಶೇಕಡಾ 99.3ರಷ್ಟು ಹಿಂದಕ್ಕೆ ಬಂದವು ಎಂದು ರಿಸರ್ವ್ ಬ್ಯಾಂಕು 2018ರ ವಾರ್ಷಿಕ ವರದಿಯಲ್ಲಿ ಹೇಳಿತು. ಅಂದರೆ ಕಪ್ಪುಹಣವೆಂದು ಹುಡುಕಿದ್ದು ಹೆಚ್ಚೇನೂ ಬ್ಯಾಂಕಿನ ಹೊರಗೆ ಉಳಿಯಲಿಲ್ಲ. ಅಮ್ಮಂದಿರ ಡಬ್ಬಿಗಳು ಮಾತ್ರ ಬಯಲಾದವು. ಮತ್ತೆ ಕೆಲವು ಮನೆಗಳಲ್ಲಿ ಅವು ತುಂಬಲೇ ಇಲ್ಲ.

ಇಷ್ಟೆಲ್ಲ ಆದ ಮೇಲೂ ನಗದು ಇಡಬೇಕೆ? ಎಲ್ಲ ಬ್ಯಾಂಕಿನಲ್ಲಿದೆ, ಫೋನಿನಲ್ಲಿದೆ, ಇನ್ನೇಕೆ ಡಬ್ಬಿ ಎನ್ನುವವರಿದ್ದಾರೆ. ಈಗ ನಮ್ಮೂರಿನ ಚಹಾದಂಗಡಿಯಲ್ಲೂ ಫೋನು ತೋರಿಸಿ ದುಡ್ಡು ಕೊಡಬಹುದು. ಆದರೆ ಗಾಳಿ ಮಳೆಗೆ ಕರೆಂಟು ಹೋಗಿ, ಟವರ್ ಸತ್ತು, ಫೋನಿನ ಬ್ಯಾಟರಿ ಮುಗಿದ ರಾತ್ರಿ ಆ ದುಡ್ಡು ಇದ್ದೂ ಇಲ್ಲ. ಬ್ಯಾಂಕಿನ ಬಾಗಿಲೂ ಎಂದೂ ಮುಚ್ಚುವುದಿಲ್ಲ ಎನ್ನುವಂತಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಒಬ್ಬ ಠೇವಣಿದಾರ ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣ ಇಟ್ಟ ಹಿರಿಯರು ಅಲ್ಲಿ ಕಣ್ಣೀರು ಹಾಕಿದರು. ಮುಂದಿನ ತಿಂಗಳೇ ಠೇವಣಿಯ ವಿಮೆಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು ನಿಜ. ಆದರೆ ವಿಮೆಯ ಹಣ ನಡುರಾತ್ರಿ ಆಸ್ಪತ್ರೆಯ ಕೌಂಟರಿಗೆ ಬರುವುದಿಲ್ಲ.

ನಮ್ಮ ಸಮುದಾಯದವರ ಕತೆ ಇನ್ನೂ ಕಷ್ಟದ್ದು. ಬಡ್ಡಿಯ ಅಂಜಿಕೆಯಿಂದ ಬ್ಯಾಂಕಿನಿಂದ ದೂರ ನಿಂತವರು ಹಲಾಲ್ ಲಾಭ ಎಂಬ ಮಾತಿಗೆ ಮರುಳಾಗಿ ಬೆಂಗಳೂರಿನ ಐಎಂಎ ಸಂಸ್ಥೆಯಲ್ಲಿ ಹಣ ಹಾಕಿದ್ದರು. 2019ರ ಜೂನ್‌ನಲ್ಲಿ ಅದರ ಮಾಲೀಕ ದೇಶ ಬಿಟ್ಟು ಹೋದಾಗ ದೂರು ಕೊಡಲು ಬಂದವರ ಸಾಲು ಸಾವಿರಗಟ್ಟಲೆ ಇತ್ತು. ಅದರಲ್ಲಿ ಬುರ್ಖಾ ಹಾಕಿದ ಹೆಣ್ಣುಮಕ್ಕಳು ಬಹಳ. ಮಗಳ ಮದುವೆಗೆಂದು, ಹಜ್‌ಗೆಂದು, ಕೊನೆಗಾಲಕ್ಕೆಂದು ಕೂಡಿಟ್ಟದ್ದೆಲ್ಲ ಅಲ್ಲಿತ್ತು. ಮೊಹರು ಮತ್ತು ಗಡ್ಡ ನೋಡಿ ನಂಬಿದ ಹಣಕ್ಕಿಂತ ಜೋಳದ ಡ್ರಮ್ಮಿನ ಡಬ್ಬಿ ಎಷ್ಟೋ ಪಾಲು ಮೇಲಿತ್ತು.

ಇನ್ನೊಂದು ಮಾತನ್ನೂ ಸೇರಿಸಬೇಕು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯೊಡತಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಬರುವಂತಾಯಿತು. ಒಳ್ಳೆಯದೇ. ಆದರೆ ಜಮಾ ಆದ ಸಂದೇಶ ಎಷ್ಟೋ ಮನೆಗಳಲ್ಲಿ ಗಂಡನ ಇಲ್ಲವೆ ಮಗನ ಫೋನಿಗೆ ಹೋಗುತ್ತದೆ. ಅಮ್ಮನ ಡಬ್ಬಿ ಯಾರಿಗೂ ಸಂದೇಶ ಕಳಿಸುತ್ತಿರಲಿಲ್ಲ.

ಹೀಗೆ ಇಡುವುದು ಹೊಸದೇನಲ್ಲ. ನಮ್ಮ ಧಾರವಾಡ ಸೀಮೆಯ ಬಯಲು ಹಳ್ಳಿಗಳಲ್ಲಿ ಹಗೇವು ಇದ್ದವು. ನೆಲದೊಳಗೆ ಆಳವಾಗಿ ತೋಡಿ, ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಒಳಗೆ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತಿತ್ತು. ಒಮ್ಮೆ ಬಾಯಿ ತೆರೆದರೆ ಕಾಳನ್ನು ಬಹಳ ದಿನ ಅಲ್ಲೇ ಬಿಡುವಂತೆಯೂ ಇರಲಿಲ್ಲ. ತುಂಬಲು ಹತ್ತು ಜನ ಬೇಕು, ತೆಗೆಯಲು ಹತ್ತು ಜನ ಬೇಕು. ಹಾಗಾಗಿ ಯಾರ ಹಗೇವು ಎಲ್ಲಿದೆ ಎಂದು ಊರಿಗೇ ಗೊತ್ತಿರುತ್ತಿತ್ತು. ಬರ ಬಿದ್ದಾಗ ಹಗೇವಿದ್ದವನು ಕೊಡದೇ ಇರಬಹುದಿತ್ತು, ದುಬಾರಿ ಬೆಲೆಗೆ ಮಾರಬಹುದಿತ್ತು. ಆದರೆ ನನ್ನ ಬಳಿ ಇಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲ. ಕಪಾಟಿನೊಳಗಿನ ನೋಟು ನಮಗೆ ಕೊಟ್ಟ ಹೊಸ ಅನುಕೂಲವೆಂದರೆ ಇದೇ. ಇಲ್ಲ ಎನ್ನುವ ಅನುಕೂಲ.

ಅವಸರಕ್ಕೆ ಒಬ್ಬೊಬ್ಬರೇ ಇಟ್ಟರೆ ಸಾಲದು, ಕೂಡಿ ಇಡಬೇಕು ಎಂದು ಕಂಡುಕೊಂಡವರೂ ನಮ್ಮ ಸೀಮೆಯವರೇ. ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಒಕ್ಕಲಿಗ ಪಾರಾಗಬೇಕೆಂಬುದು ಅದರ ಉದ್ದೇಶ. ಇಂದಿಗೂ ನಮ್ಮ ಹೆಣ್ಣುಮಕ್ಕಳು ಹಾಕುವ ಭಿಶಿ, 2000ದಿಂದೀಚೆಗಿನ ಸ್ತ್ರೀಶಕ್ತಿ ಸಂಘಗಳು ಆ ದಾರಿಯವೇ. ಆದರೆ ಸಂಘಕ್ಕೂ ಒಂದು ಸಭೆ ಬೇಕು, ಒಂದು ಸಹಿ ಬೇಕು. ಹಾವು ಕಡಿದ ರಾತ್ರಿಗೆ ಡಬ್ಬಿಯೇ ಬೇಕು.

ಇಲ್ಲಿ ಧರ್ಮದ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ. ನಾಳೆಗೆಂದು ಇಡುವುದು ದೇವರ ಮೇಲಿನ ಭರವಸೆಗೆ ಕೊರತೆಯಲ್ಲವೆ? ಪ್ರವಾದಿಯವರ ಒಡನಾಡಿ ಅಬೂಝರ್ ಗಿಫಾರಿ ಅವರು, ಅಗತ್ಯಕ್ಕೆ ಮಿಕ್ಕಿದ್ದನ್ನು ಇಟ್ಟುಕೊಳ್ಳಬಾರದು ಎಂದು ತಮ್ಮ ಕಾಲದ ಸಿರಿವಂತರ ಎದುರು ನಿಂತು ಹೇಳಿದವರು. ಕೊನೆಗೆ ರಬ್‌ಝಾದ ಮರಳುಗಾಡಿನಲ್ಲಿ ಒಂಟಿಯಾಗಿ ಬದುಕಿ ತೀರಿಕೊಂಡರು. ನಮ್ಮ ನೆಲದಲ್ಲೇ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ತಂದಲ್ಲೇ ಸುರಿದು ಬರುವಂತೆ ಹೇಳಿ ಕಳಿಸಿದಳು. ಈ ಇಬ್ಬರ ಮುಂದೆ ನಾವು ತಲೆ ಎತ್ತಿ ನಿಲ್ಲಲಾರೆವು.

ಆದರೆ ಇನ್ನೆರಡು ಕತೆಗಳೂ ಇವೆ. ಒಂಟೆಯನ್ನು ಕಟ್ಟದೆ ಬಿಟ್ಟು ದೇವರ ಮೇಲೆ ಭಾರ ಹಾಕಲೇ ಎಂದು ಕೇಳಿದವನಿಗೆ ಪ್ರವಾದಿಯವರು, ಮೊದಲು ಕಟ್ಟು, ಆಮೇಲೆ ಭಾರ ಹಾಕು ಎಂಬರ್ಥದಲ್ಲಿ ಹೇಳಿದ್ದು ಎಲ್ಲರಿಗೂ ಗೊತ್ತು. ತವಕ್ಕುಲ್ ಎಂದರೆ ಹಗ್ಗ ಬಿಸಾಡುವುದಲ್ಲ. ಎರಡನೆಯದು ಯೂಸುಫರ ಕತೆ. ಏಳು ವರ್ಷದ ಸುಗ್ಗಿಯಲ್ಲಿ ತೆನೆಯಲ್ಲೇ ಕಾಳು ಉಳಿಸಿಡಿ, ಮುಂದೆ ಏಳು ವರ್ಷದ ಬರ ಬರುತ್ತದೆ ಎಂದು ಅವರು ಅರಸನಿಗೆ ಹೇಳಿದರು. ಈ ಕತೆಯನ್ನು ನಾವು ಉಳಿತಾಯದ ಪಾಠವೆಂದಷ್ಟೇ ಓದುತ್ತೇವೆ. ಆ ಕಣಜ ತೆರೆದಾಗ ದೂರದೇಶದಿಂದ ಕಾಳು ಕೇಳಲು ಬಂದವರಲ್ಲಿ ಯೂಸುಫರನ್ನು ಬಾವಿಗೆ ತಳ್ಳಿದ ಅಣ್ಣಂದಿರೂ ಇದ್ದರು. ಅವರ ಚೀಲಗಳೂ ತುಂಬಿದವು. ಕಾಳು ಇಟ್ಟದ್ದು ವಿವೇಕ. ಅದು ಯಾರಿಗೆ ತೆರೆಯಿತು ಎಂಬುದು ಧರ್ಮ.

ನಮ್ಮ ಭಾಷೆಯೇ ಈ ಭೇದವನ್ನು ಬಲ್ಲದು. ಕೂಡಿಡುವುದು, ಬಚ್ಚಿಡುವುದು, ತೆಗೆದಿಡುವುದು ಎಂದು ಮೂರು ಮಾತು ನಮ್ಮಲ್ಲಿವೆ. ಕೂಡಿಡುವುದಕ್ಕೆ ಮಿತಿ ಇಲ್ಲ, ಹೆಚ್ಚಾದಷ್ಟೂ ಸಂತೋಷ. ಬಚ್ಚಿಡುವುದರಲ್ಲಿ ಇನ್ನೊಬ್ಬರ ಭಯವಿದೆ. ತೆಗೆದಿಡುವುದಕ್ಕೆ ಮಾತ್ರ ಒಂದು ಉದ್ದೇಶವಿದೆ. ಯಾವುದಕ್ಕೋ, ಯಾರಿಗೋ ತೆಗೆದಿಡುತ್ತೇವೆ. ಅಮ್ಮನದು ತೆಗೆದಿಟ್ಟ ರೊಕ್ಕ. ನನ್ನ ಶಾಲಿನ ಮಡಿಕೆಯದು, ಚಾಚಾ ಬಂದು ಕೇಳುವವರೆಗೆ ತೆಗೆದಿಟ್ಟದ್ದು. ಕೇಳಿದ ಮೇಲೆ ಬಚ್ಚಿಟ್ಟದ್ದು.

ಅದೇ ಏಪ್ರಿಲ್ ಕೊನೆಗೆ ರಂಝಾನ್ ಬಂತು. ಎಂದಿನಂತೆ ಝಕಾತಿನ ಲೆಕ್ಕಕ್ಕೆ ಕೂತೆ. 85 ಗ್ರಾಂ ಚಿನ್ನದ ಇಲ್ಲವೆ 595 ಗ್ರಾಂ ಬೆಳ್ಳಿಯ ಬೆಲೆಯಷ್ಟು ಸಂಪತ್ತು ವರ್ಷವಿಡೀ ಉಳಿದರೆ ಅದರಲ್ಲಿ ನಲವತ್ತರ ಒಂದು ಪಾಲು ಕೊಡಬೇಕು. ಬ್ಯಾಂಕಿನದು ಬರೆದೆ, ಹೆಂಡತಿ ತನ್ನ ಚಿನ್ನದ ತೂಕ ಹೇಳಿದಳು, ಕೈಯಲ್ಲಿರುವ ನಗದು ಎಂಬ ಸಾಲಿನಲ್ಲಿ 22,000 ಎಂದು ಬರೆದೆ. ಬರೆದ ಮೇಲೆ ಪೆನ್ನು ನಿಂತಿತು. ದೇವರ ಲೆಕ್ಕಕ್ಕೆ ಇದೆ ಎಂದು ಬರೆದ ಅದೇ ಹಣವನ್ನು ಹತ್ತು ದಿನದ ಹಿಂದೆ ಒಬ್ಬ ಮನುಷ್ಯನಿಗೆ ಇಲ್ಲ ಎಂದಿದ್ದೆ. ಆ 22,000ಕ್ಕೆ 550 ರೂಪಾಯಿ ಝಕಾತು ಕೊಟ್ಟೆ. ಲೆಕ್ಕ ಚೊಕ್ಕವಾಯಿತು. ಮನಸ್ಸು ಆಗಲಿಲ್ಲ.

ಮೇ ತಿಂಗಳಲ್ಲಿ ಅಂಗಡಿಗಳು ಅರ್ಧ ಬಾಗಿಲು ತೆರೆದಾಗ ಚಾಚಾ ತಮ್ಮ ಎರಡು ತಾಮ್ರದ ದೇಗುಗಳನ್ನು ತೂಕಕ್ಕೆ ಹಾಕಿದರೆಂದು ತಿಳಿಯಿತು. ಅವರ ತಂದೆಯ ಕಾಲದವು. ಅಡುಗೆಯವನಿಗೆ ದೇಗು ಎಂದರೆ ಒಕ್ಕಲಿಗನಿಗೆ ಎತ್ತು ಇದ್ದ ಹಾಗೆ. ಮದುವೆಗಳು ಮತ್ತೆ ಶುರುವಾದ ಮೇಲೆ ಅವರು ಬಾಡಿಗೆ ದೇಗಿನಲ್ಲಿ ಬಿರಿಯಾನಿ ಮಾಡತೊಡಗಿದರು. ನನ್ನ 22,000 ಆ ವರ್ಷವಿಡೀ ಹಾಗೆಯೇ ಮಡಿಕೆಯೊಳಗೆ ಇತ್ತು. ನನಗೆ ಯಾವ ತುರ್ತೂ ಬರಲಿಲ್ಲ.

ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. ಕೊಡಬೇಕಿತ್ತು ಎನ್ನುತ್ತಾಳೆಂದುಕೊಂಡಿದ್ದೆ. ಆಕೆ ಹಾಗೆನ್ನಲಿಲ್ಲ. "ಇಲ್ಲ ಅಂತ ಯಾಕಂದಿ? ಐತಿ, ಆದರ ಕೊಡೂದಿಲ್ಲ ಅಂತನರ ಅನ್ನಬೇಕಿತ್ತು. ಅಂವ ನಿನ್ನ ಬೈಕೋತ ಹೋಗ್ತಿದ್ದ, ಅಷ್ಟ" ಎಂದಳು.

ಈ ಮಾತಿನ ಮೇಲೆ ನಾನು ಬಹಳ ಯೋಚಿಸಿದ್ದೇನೆ. ಹಾಗೆ ಹೇಳುವುದು ಇಲ್ಲ ಎನ್ನುವುದಕ್ಕಿಂತ ಕ್ರೂರವಲ್ಲವೆ? ಇಲ್ಲ ಎಂಬ ಸಣ್ಣ ಸುಳ್ಳು ಇಬ್ಬರ ಮರ್ಯಾದೆಯನ್ನೂ ಕಾಯುತ್ತದೆ ಎನ್ನುವವರಿದ್ದಾರೆ. ನಾನೂ ಹಾಗೆಂದೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಐತಿ ಎಂದು ಒಪ್ಪಿಕೊಂಡ ಮೇಲೆ ಏಕೆ ಕೊಡುವುದಿಲ್ಲ ಎಂದು ಹೇಳಬೇಕಾಗುತ್ತದೆ. ಕೇಳಿದವನಿಗಲ್ಲದಿದ್ದರೂ ನಮಗೆ ನಾವೇ. ಅಂದು ನಾನು ಬಾಯಿಬಿಟ್ಟು ಐತಿ ಎಂದಿದ್ದರೆ, ಮುಂದಿನ ಮಾತು ಹುಡುಕುವ ಹೊತ್ತಿಗೇ ನನ್ನ ಬಳಿ ಕಾರಣವಿಲ್ಲ ಎಂದು ನನಗೆ ತಿಳಿಯುತ್ತಿತ್ತು. ಬಹುಶಃ ಕೈ ಕಪಾಟಿಗೆ ಹೋಗುತ್ತಿತ್ತು. ಸುಳ್ಳು ನನ್ನನ್ನು ಆ ಯೋಚನೆಯಿಂದ ಪಾರು ಮಾಡಿತು. ಅದೇ ಅದರ ಅಪಾಯ.

ಹಾಗಾದರೆ ಅಮ್ಮ ಅಬ್ಬಾನಿಂದ ಲೆಕ್ಕ ಮುಚ್ಚಿಟ್ಟದ್ದು ಸುಳ್ಳಲ್ಲವೆ ಎಂದು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಹೆಂಡತಿಯ ದುಡಿಮೆ ಹೆಂಡತಿಯದು. ಅದರ ಮೇಲೆ ಗಂಡನಿಗೆ ಹಕ್ಕಿಲ್ಲವೆಂದು ನಮ್ಮ ಧರ್ಮವೇ ಹೇಳುತ್ತದೆ. ಗಂಡ ಅಬೂ ಸುಫ್ಯಾನ್ ಕೈ ಬಿಗಿಹಿಡಿಯುತ್ತಾನೆಂದು ಹಿಂದ್ ಎಂಬಾಕೆ ದೂರಿದಾಗ, ನಿನಗೂ ಮಕ್ಕಳಿಗೂ ನ್ಯಾಯವಾಗಿ ಸಾಕಾಗುವಷ್ಟನ್ನು ಅವನಿಗೆ ಹೇಳದೆಯೂ ತೆಗೆದುಕೊಳ್ಳಬಹುದು ಎಂದು ಪ್ರವಾದಿಯವರು ಅನುಮತಿ ಕೊಟ್ಟರೆಂದು ಹದೀಸ್‌ನಲ್ಲಿದೆ. ಎಷ್ಟಿದೆ ಎಂದು ಹೇಳದಿರುವುದು ಬೇರೆ. ಇದ್ದದ್ದನ್ನು ಇಲ್ಲ ಎನ್ನುವುದು ಬೇರೆ. ಕಳ್ಳನಿಗೂ, ಕುಡಿತಕ್ಕೆ ಕೇಳುವವನಿಗೂ ನಮ್ಮ ಡಬ್ಬಿಯ ವಿಳಾಸ ಕೊಡಬೇಕಾಗಿಲ್ಲ. ಮೌನಕ್ಕೆ ನಮಗೆ ಹಕ್ಕಿದೆ.

ಎಲ್ಲರಿಗೂ ಕೊಡುತ್ತ ಹೋದರೆ ಡಬ್ಬಿ ಉಳಿಯುವುದಿಲ್ಲ ಎಂಬುದೂ ನಿಜ. ಅಬ್ಬಾ ಹಾಗೆ ಕೊಟ್ಟೇ ಎತ್ತು ಕಳೆದದ್ದು. ಅದಕ್ಕೇ ಅಮ್ಮನಿಗೆ ಒಂದು ಅಳತೆ ಇತ್ತು. ಹುಬ್ಬಳ್ಳಿಗೆ ಒಂದು ಜೀಪು, ದವಾಖಾನೆಯಲ್ಲಿ ಒಂದು ರಾತ್ರಿ, ಮನೆಗೆ ಎಂಟು ದಿನದ ಜೋಳ. ಅದಕ್ಕಿಂತ ಹೆಚ್ಚಾದದ್ದು ಡಬ್ಬಿಯಲ್ಲಿ ನಿಲ್ಲುತ್ತಿರಲಿಲ್ಲ. ಕರು ಕೊಳ್ಳಲು, ಮನೆಯ ಹಂಚು ಹೊದಿಸಲು ಹೋಗುತ್ತಿತ್ತು.

ಅಮ್ಮ ಈಗಿಲ್ಲ. ಡಬ್ಬಿ ಧಾರವಾಡದ ನಮ್ಮ ಮನೆಯಲ್ಲಿದೆ. ಅಮ್ಮನ ಅಳತೆಯನ್ನೇ ಇಂದಿನ ಬೆಲೆಗೆ ಹಾಕಿ 15,000 ಇಟ್ಟಿದ್ದೇವೆ. ಎಲ್ಲ ನೂರು, ಇನ್ನೂರು, ಐನೂರರ ನೋಟು. ಎರಡು ಸಾವಿರದ ನೋಟನ್ನು 2023ರ ಮೇ ತಿಂಗಳಲ್ಲಿ ಹಿಂತೆಗೆದುಕೊಂಡ ಮೇಲೆ ದೊಡ್ಡ ನೋಟಿನ ಆಸೆ ನಮಗಿಲ್ಲ. ಎಲ್ಲಿದೆ, ಎಷ್ಟಿದೆ ಎಂದು ಹೆಂಡತಿಗೂ ದೊಡ್ಡ ಮಗಳಿಗೂ ಗೊತ್ತು, ಏಕೆಂದರೆ ತುರ್ತು ನನಗೇ ಬಂದರೆ ತೆಗೆಯುವವರು ಅವರೇ. ಒಳಗೊಂದು ಚೀಟಿ ಇದೆ. ಯಾರಿಗೆ, ಯಾವಾಗ, ಎಷ್ಟು ಎಂದು ಅದರಲ್ಲಿ ಬರೆಯುತ್ತೇವೆ; ಸಾಲವನ್ನು ಬರೆದಿಡಿ ಎಂಬುದು ಕುರ್‌ಆನಿನ ಆದೇಶವೂ ಹೌದು. ಇದರಲ್ಲಿ 5,000 ಮನೆಯ ಹೊರಗಿನವರ ಅವಸರಕ್ಕೆಂದೇ ಬೇರೆ ಲಕೋಟೆಯಲ್ಲಿದೆ. ಅದು ಖಾಲಿಯಾದಾಗ, "ಕೊಡೂದು ಕೊಟ್ಟಾಗೈತಿ, ಬಂದ ಮ್ಯಾಲ ಕೊಡ್ತೀನಿ" ಎನ್ನುತ್ತೇನೆ. ಅದು ನಿಜವಾದ್ದರಿಂದ ಹೇಳಲು ಕಷ್ಟವಾಗುವುದಿಲ್ಲ.

ಕಳೆದ ವರ್ಷ ಒಂದು ಮದುವೆಯಲ್ಲಿ ಊಟ ಮುಗಿದ ಮೇಲೆ ಚಾಚಾ ಹಿತ್ತಲಲ್ಲಿ ಬಾಡಿಗೆ ದೇಗು ತೊಳೆಸುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. "ಚಾಚಾ, ಲಾಕ್‌ಡೌನಿನ್ಯಾಗ ನೀವು ಬಂದಿದ್ರಿ. ಅವತ್ತ ಮನ್ಯಾಗ ರೊಕ್ಕ ಇತ್ತು" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. "ಗೊತ್ತಿತ್ತು ಬಿಡ್ರಿ" ಎಂದರು. "ಮಾಸ್ತರ್ರ ಮನ್ಯಾಗ ಮೂರು ಸಾವಿರ ಇರೂದಿಲ್ಲಂದ್ರ ಯಾರು ನಂಬ್ತಾರ?"

ಅಷ್ಟು ವರ್ಷ ಅವರು ಪ್ರತಿ ಈದ್‌ಗೂ ನನ್ನನ್ನು ಅಪ್ಪಿಕೊಂಡಿದ್ದರು. ನನ್ನ ಸುಳ್ಳನ್ನು ನಂಬಿದವನು ಆ ಓಣಿಯಲ್ಲಿ ನಾನೊಬ್ಬನೇ ಆಗಿದ್ದೆ. ಏನು ಹೇಳಬೇಕೆಂದು ತಿಳಿಯದೆ, ಹೊಸ ದೇಗು ಕೊಳ್ಳಲು ಎಷ್ಟಾಗುತ್ತದೆ ಎಂದು ಕೇಳಿದೆ. ಅವರು ಹೇಳಿದರು. ಮನೆಗೆ ಬಂದು ಆ ಮೊತ್ತವನ್ನು ಚೀಟಿಯ ಮೇಲೆ ಬರೆದೆ. ಅದು ಅವರು ನನಗೆ ಕೊಡಬೇಕಾದ ಲೆಕ್ಕವಲ್ಲ. ನಾನು ತೀರಿಸಬೇಕಾದದ್ದು.